ಅಧ್ಯಕ್ಷರ ಮನೆಗೆ ಒಂದೇ ಸ್ಟಾರ್

ಜನವರಿ 6, ಸೋಮವಾರ

ಇವತ್ತಿನಿಂದ ನಾನು ಸಂಯೋಜಕಿ. ನಿನ್ನೆಯವರೆಗೆ ನಿರುದ್ಯೋಗಿ, ಅದಕ್ಕೂ ಮೊದಲು ಅತಿಥಿ ಉಪನ್ಯಾಸಕಿ. ವರ್ಷಗಟ್ಟಲೆ ಉಳಿದುಕೊಂಡ ಅತಿಥಿಯನ್ನು ಯಾವ ಮನೆಯವರೂ ಸಹಿಸುವುದಿಲ್ಲ. ಕಾಲೇಜಿನವರು ‘ಕಾರ್ಯಭಾರ ಇಲ್ಲ’ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಹೊಸ ಕೆಲಸದ ಹೆಸರು: ಗೃಹ ಇಂಧನ ದಕ್ಷತಾ ಗುತ್ತಿಗೆದಾರರ ಸಾಮರ್ಥ್ಯವರ್ಧನಾ ತರಬೇತಿ ಯೋಜನೆ. ಒಂದೇ ಉಸಿರಿನಲ್ಲಿ ಹೇಳಿದರೆ ಬೆಳಗಿನ ಪ್ರಾಣಾಯಾಮ ಬೇಡ. ಬಿಡಿಸಿ ಹೇಳಿದರೆ ಇಷ್ಟೇ. ಕರೆಂಟಿನ ಕೆಲಸ ಮಾಡುವವರಿಗೆ, ನಲ್ಲಿ ಕೆಲಸದವರಿಗೆ, ಗಾರೆಯವರಿಗೆ ಇನ್ನೊಂದು ವಿದ್ಯೆ ಕಲಿಸುವುದು. ಅವರು ಮನೆ ಮನೆಗೆ ಹೋಗಿ ಕರೆಂಟು, ಸೌದೆ, ಗ್ಯಾಸು ಎಲ್ಲಿ ಹಾಳಾಗುತ್ತಿದೆ ಎಂದು ನೋಡಿ, ಅದನ್ನು ಸರಿಮಾಡಿ, ದುಡಿದು ತಿನ್ನುವುದು. ಇದಕ್ಕೆ ಸಮುದ್ರದಾಚೆಯ ಯಾರೋ ಪುಣ್ಯಾತ್ಮರು ಅನುದಾನ ಕೊಟ್ಟಿದ್ದಾರೆ. ಅದು ದೆಹಲಿಗೆ ಬಂದು, ಬೆಂಗಳೂರಿಗೆ ಬಂದು, ಕೊನೆಗೆ ಕೊಪ್ಪದ ನಮ್ಮ ಟ್ರಸ್ಟಿಗೆ ಬಂದಿದೆ. ಸೋರಿಕೆ ತಡೆಯುವ ಹಣ ದಾರಿಯಲ್ಲಿ ಎಷ್ಟು ಸೋರಿತೋ ಕೇಳಬಾರದು.

ಕನ್ನಡ ಎಂ.ಎ. ಮಾಡಿದವಳಿಗೆ ಇಂಧನದ ವಿಷಯ ಏನು ಗೊತ್ತು ಎಂದು ಸಂದರ್ಶನದಲ್ಲಿ ಯಾರೂ ಕೇಳಲಿಲ್ಲ. ಟ್ರಸ್ಟಿನ ಅಧ್ಯಕ್ಷ ಷಡಕ್ಷರಿಯವರು ನನ್ನ ಅರ್ಜಿ ನೋಡಿ, “ಅಕ್ಷರ ಮುತ್ತಿನಂಗೆ ಉಂಟು ಮಾರಾಯ್ರೆ” ಎಂದರು. ಅಷ್ಟಕ್ಕೇ ಕೆಲಸ ಸಿಕ್ಕಿತು.

ಮೊದಲ ಕರ್ತವ್ಯ, ಕೈಪಿಡಿಯ ಅನುವಾದ. ಮೊದಲ ಪುಟದಲ್ಲೇ, ಹಿಮ ಒಳಗೆ ಬಾರದಂತೆ ಕಿಟಕಿಯ ಸಂದುಗಳನ್ನು ಮುಚ್ಚಿ ಎಂದಿದೆ. ಕೊಪ್ಪದಲ್ಲಿ ಹಿಮ ಇರುವುದು ಐಸ್‌ಕ್ಯಾಂಡಿಯವನ ಡಬ್ಬಿಯಲ್ಲಿ. ‘ಎರಚಲು ಒಳಗೆ ಬಾರದಂತೆ’ ಎಂದು ಬರೆದೆ. ಅನುವಾದ ಎಂದರೆ ಇದೇ ಇರಬೇಕು, ಒಬ್ಬರ ಕಷ್ಟದ ಜಾಗದಲ್ಲಿ ಇನ್ನೊಬ್ಬರ ಕಷ್ಟ ಇಡುವುದು.

ಜನವರಿ 15, ಬುಧವಾರ

ಅಭ್ಯರ್ಥಿಗಳ ಬೇಟೆ. ಸುತ್ತಲಿನ ಮೂರು ತಾಲ್ಲೂಕಿನಿಂದ ಜನ ಬೇಕು, ಮೂರರಲ್ಲೊಬ್ಬರು ಹೆಂಗಸರು ಬೇಕು. ಕೊಪ್ಪದ ಹಳೆಯ ಎಲೆಕ್ಟ್ರಿಷಿಯನ್ ಶರೀಫ್ ಸಾಹೇಬರು ಕೇಳಿದರು, “ಸರ್ಟಿಫಿಕೇಟ್ ಎಂತಕ್ಕೆ ಮೇಡಂ? ಕರೆಂಟಿಗೆ ಓದೋಕೆ ಬರ್ತದಾ?” ಮಧ್ಯಾಹ್ನ ಊಟ ಉಂಟು ಎಂದ ಮೇಲೆ ಹೆಸರು ಬರೆಸಿದರು.

ಸಂಜೆ ಕಚೇರಿಗೆ ಒಬ್ಬಳು ಬಂದಳು. ಕೂರು ಅನ್ನುವ ಮೊದಲೇ ಕೂತಳು. ಹೆಸರು ಜಹೀರಾ. ಗಂಡ ಅನ್ವರ್ ಇಲ್ಲಿಯ ಪೇಟೆಯಲ್ಲಿ ವೈರಿಂಗ್ ಮಾಡುತ್ತಿದ್ದವನು. ಹೋದ ವರ್ಷ ಏಣಿಯಿಂದ ಬಿದ್ದು ಬೆನ್ನು ಹೋಗಿದೆ.

“ಆಮೇಲಿಂದ ಕೆಲಸ ನಾನೇ ಮಾಡೋದು ಅಕ್ಕ. ಅವ್ರನ್ನ ಆಟೋದಲ್ಲಿ ಕರ್ಕೊಂಡು ಹೋಗಿ ಜಗಲಿ ಮೇಲೆ ಕೂರಿಸ್ತೀನಿ. ಏಣಿ ಹತ್ತೋದು ನಾನು, ‘ಅನ್ವರ್ ಕೆಲಸ ಫಸ್ಟ್ ಕ್ಲಾಸು’ ಅಂತ ಹೊಗಳಿಸ್ಕೊಳ್ಳೋದು ಅವ್ರು.”

“ಬೇಜಾರಿಲ್ವಾ?”

“ಬೇಜಾರು ಮಾಡ್ಕೊಂಡ್ರೆ ಫ್ಯೂಸ್ ಯಾರು ಹಾಕ್ತಾರೆ? ಒಂದೇ ಮಾತು ಹೇಳಿ, ಆ ಕಾಗದದಲ್ಲಿ ನನ್ನ ಹೆಸರು ಇರ್ತದಾ? ಅವ್ರದ್ದಲ್ಲ, ನನ್ನದು.”

ಶೃಂಗೇರಿಯ ಒಂದು ಲಾಡ್ಜಿನವರು ಎಲ್ಲ ರೂಮಿನ ವೈರು, ಗೀಸರು ಬದಲಿಸುತ್ತಾರಂತೆ. ಏಪ್ರಿಲ್ ಒಳಗೆ ತನ್ನ ಹೆಸರಿನ ಸರ್ಟಿಫಿಕೇಟ್ ತೋರಿಸಿದರೆ ಕೆಲಸ ಅವಳಿಗೆ, ಇಲ್ಲದಿದ್ದರೆ ಚಿಕ್ಕಮಗಳೂರಿನ ಯಾರಿಗೋ. ಇರುತ್ತದೆ ಎಂದೆ. ಹೆಂಗಸರ ಖಾನೆ ತುಂಬಬೇಕಿತ್ತು.

ಜನವರಿ 28, ಮಂಗಳವಾರ

ತರಗತಿ ಶುರುವಾಗಿದೆ. ಪಾಠ ಮಾಡಲು ಬೆಂಗಳೂರಿನಿಂದ ಶಶಿಕಿರಣ್ ಎಂಬ ಎಂಜಿನಿಯರ್ ಬಂದಿದ್ದಾನೆ. ಒಳ್ಳೆಯ ಹುಡುಗ, ಯಾರಾದರೂ ಪ್ರಶ್ನೆ ಕೇಳಿದರೆ ಹುಟ್ಟುಹಬ್ಬದಷ್ಟು ಸಂತೋಷಪಡುತ್ತಾನೆ. ಅವನ ಹತ್ತಿರ ಶಾಖ ಕಾಣುವ ಕ್ಯಾಮೆರಾ ಇದೆ. ಬಿಸಿ ಇರುವುದು ಕೆಂಪಗೆ, ತಂಪು ನೀಲಿ. ಗೋಡೆಯೊಳಗೆ ಕಾಯುತ್ತಿರುವ ವೈರು ತೋರಿಸಲು ಅದು ಬೇಕಂತೆ. ಶರೀಫ್ ಸಾಹೇಬರು ಅದನ್ನು ಪಕ್ಕದವರ ತಲೆಗೆ ಹಿಡಿದು, “ನೋಡಿ, ಪೂರ್ತಿ ನೀಲಿ. ಒಳಗೆ ಎಂತದೂ ಓಡ್ತಾ ಇಲ್ಲ” ಎಂದರು.

ಪಾಠದ ಸಾರ ಇದು. ಪ್ರತಿ ಮನೆಯನ್ನೂ ತಪಾಸಣೆ ಮಾಡಿ ಒಂದರಿಂದ ಐದರವರೆಗೆ ಸ್ಟಾರ್ ಕೊಡಬೇಕು, ಫ್ರಿಜ್ಜಿಗೆ ಇರುವ ಹಾಗೆ. ಕಡಿಮೆ ಹಾಳು ಮಾಡುವ ಮನೆಗೆ ಹೆಚ್ಚು ಸ್ಟಾರ್. ಪ್ರತಿ ಅಭ್ಯರ್ಥಿ ಕೆಲವು ಮನೆ ಮುಗಿಸಬೇಕು, ವರದಿಯನ್ನು ನಾನು ಕಂಪ್ಯೂಟರಿನಲ್ಲಿ ಒಪ್ಪಬೇಕು, ಆಮೇಲೆ ಅಧ್ಯಕ್ಷರು ಸರ್ಟಿಫಿಕೇಟಿಗೆ ಸಹಿ ಹಾಕಬೇಕು.

ಮನೆಗೆ ಅಂಕ ಕೊಡುವುದು! ಕವಿತೆಗೆ ಅಂಕ ಕೊಟ್ಟು ಪಾಪ ಕಟ್ಟಿಕೊಂಡವಳಿಗೆ ಇದೇನು ಹೊಸದಲ್ಲ.

ಫೆಬ್ರವರಿ 5, ಬುಧವಾರ

ಕಡಹಿನಬೈಲಿಗೆ ಹೋಗಿದ್ದೆವು. ಯೋಜನೆಯ ಮೊದಲ ಐದು ಸ್ಟಾರ್ ಮನೆ ಅಲ್ಲಿ ಸಿಕ್ಕಿತು. ಗುಡ್ಡಮ್ಮನದು. ಒಂದು ಬಲ್ಬು ಇದೆ. ಫ್ಯಾನಿದೆ, ತಿರುಗುವುದಿಲ್ಲ. ಫ್ರಿಜ್ಜಿಲ್ಲ, ಮಿಕ್ಸಿಯಿಲ್ಲ. ಮೂರು ಮನೆಯ ಕೂಲಿ ಮುಗಿಸಿ ಬಂದು ಒಂದು ಹೊತ್ತು ಒಲೆ ಹಚ್ಚುತ್ತಾಳೆ. ಜಹೀರಾ ತಪಾಸಣೆಯ ಹಾಳೆ ತುಂಬಿ ಲೆಕ್ಕ ಹಾಕಿದರೆ ಐದಕ್ಕೆ ಐದು. ಶಶಿಕಿರಣ್ ಚಪ್ಪಾಳೆ ತಟ್ಟಿದ, ಪಾಪ.

“ಐದು ಬಂದ್ರೆ ಎಂತ ಕೊಡ್ತಾರೆ?” ಎಂದಳು ಗುಡ್ಡಮ್ಮ.

“ಬಾಗಿಲಿಗೆ ಅಂಟಿಸೋಕೆ ಸ್ಟಿಕ್ಕರ್ರು.”

“ಸ್ಟಿಕ್ಕರ್ ಜೊತೆಗೆ ಬಾಗಿಲೂ ಕೊಡೋದಾದ್ರೆ ಅಂಟಿಸ್ಬಹುದು.”

ಬಡತನದಷ್ಟು ಇಂಧನ ಉಳಿಸುವ ಸಾಧನ ಇನ್ನೂ ಯಾರೂ ಕಂಡುಹಿಡಿದಿಲ್ಲ. ಇದನ್ನು ವರದಿಯಲ್ಲಿ ಬರೆಯುವಂತಿಲ್ಲ. ‘ಫಲಾನುಭವಿಯು ಸುಸ್ಥಿರ ಜೀವನಶೈಲಿಯನ್ನು ಅಳವಡಿಸಿಕೊಂಡಿರುತ್ತಾರೆ’ ಎಂದು ಬರೆದೆ. ಬರೆದ ಕೈಯನ್ನು ಸೋಪು ಹಾಕಿ ತೊಳೆದೆ.

ಬರುವಾಗ ನೋಡಿದರೆ ಜಹೀರಾ ಆ ಫ್ಯಾನು ಬಿಚ್ಚಿ, ತನ್ನ ಚೀಲದಿಂದ ಒಂದು ಕೆಪಾಸಿಟರ್ ಹಾಕಿ ತಿರುಗಿಸಿಬಿಟ್ಟಿದ್ದಳು. “ಈಗ ಐದು ನಿಲ್ತದಾ ಅಕ್ಕ, ನಾಲ್ಕಕ್ಕೆ ಇಳೀತದಾ?” ಎಂದು ಕೇಳಿ ತಾನೇ ನಕ್ಕಳು.

ಫೆಬ್ರವರಿ 14, ಶುಕ್ರವಾರ

ನಾವು ಹಂಚುತ್ತಿರುವುದು ಸ್ಟಿಕ್ಕರ್ ಅಲ್ಲ, ಮತ್ಸರ. ಕಮ್ಮರಡಿಯಲ್ಲಿ ಪಾಲಾದ ಅಣ್ಣತಮ್ಮಂದಿರ ಮನೆ, ನಡುವೆ ಒಂದೇ ಗೋಡೆ. ಅಣ್ಣ ಪುಟ್ಟಪ್ಪನಿಗೆ ಎರಡು, ತಮ್ಮನಿಗೆ ಮೂರು ಬಂತು. ಪುಟ್ಟಪ್ಪ ಕಚೇರಿಗೇ ಬಂದ.

“ಅವನ ಮನೆಯಲ್ಲಿ ಎಂತ ಉಂಟು ಅಂತ ಮೂರು? ಟಿವಿ ನಂದು ದೊಡ್ಡದು, ಮೋಟ್ರು ನಂದು ದೊಡ್ಡದು!”

“ಅದಕ್ಕೇ ಎರಡು ಬಂದದ್ದು.”

“ಅಂದ್ರೆ ದೊಡ್ಡದು ಇಟ್ಕೊಂಡದ್ದು ತಪ್ಪಾ? ನೆಂಟ್ರ ಎದುರು ಮರ್ಯಾದೆ ಉಂಟಾ ನಮಗೆ?”

ಕಡಿಮೆ ಸ್ಟಾರ್ ಎಂದರೆ ಖರ್ಚು ಹೆಚ್ಚು ಎಂದಷ್ಟೇ ಅರ್ಥ ಎಂದೆ. ಆ ಮಾತಿಗೆ ಅವನ ಮುಖ ಅರಳಿತು. ಖರ್ಚು ಮಾಡುವ ತಾಕತ್ತು ತಮ್ಮನಿಗಿಲ್ಲ ಎಂಬುದನ್ನು ಹಾಗೇ ಬರೆದುಕೊಡಿ ಎಂದ.

ಫೆಬ್ರವರಿ 22, ಶನಿವಾರ

ಮಾದರಿ ಮನೆ ಎಂದು ಅಧ್ಯಕ್ಷರು ಜಯಪುರದ ತಮ್ಮ ಮನೆಯನ್ನೇ ತಪಾಸಣೆಗೆ ಕೊಟ್ಟರು. ಚೀಟಿ ಎತ್ತಿದಾಗ ಬಂದದ್ದು ಜಹೀರಾಳ ಹೆಸರು. ಅದು ಅವಳ ಕೊನೆಯ ಮನೆ, ಮುಗಿದರೆ ಸರ್ಟಿಫಿಕೇಟ್.

ಶಾವಿಗೆ ಉಪ್ಪಿಟ್ಟು, ಬಾಳೆಹಣ್ಣು, ಕಾಫಿ. ಅಷ್ಟಾದ ಮೇಲೆ ಮನೆ. ಪ್ರತಿ ಬಚ್ಚಲಿಗೂ ಗೀಸರು, ಯಾವುದರ ಸ್ವಿಚ್ಚನ್ನೂ ಆರಿಸುವ ಪದ್ಧತಿ ಇಲ್ಲ. “ಯಾವಾಗ ಯಾರು ಬತ್ತಾರೆ ಹೇಳೋಕೆ ಬತ್ತದಾ? ಬಂದವರಿಗೆ ಬಿಸಿನೀರು ಇಲ್ಲ ಅನ್ನೋಕಾಗ್ತದಾ?” ಎಂದರು ಅಧ್ಯಕ್ಷರ ತಾಯಿ ಗಿರಿಯಮ್ಮ. ಹಿಂದೆ ಹಂಡೆಯೊಲೆ ಆರಬಾರದಿತ್ತು, ಈಗ ಗೀಸರಿನ ಕೆಂಪು ದೀಪ ಆರಬಾರದು. ಮೇಲಿನ ಟ್ಯಾಂಕು ತುಂಬಿ ರಸ್ತೆಗೆ ಹರಿಯುತ್ತಿತ್ತು. ಕಾಂಪೌಂಡಿನ ಸುತ್ತ ದೀಪಗಳು, ಹಗಲಲ್ಲೂ ಉರಿಯುತ್ತಿದ್ದವು. ಫ್ರಿಜ್ಜು ಮೂರು. ಒಂದನ್ನು ತೆರೆದರೆ ಒಳಗೆ ಬೆಳಕು ಬಿಟ್ಟು ಏನೂ ಇಲ್ಲ.

“ಇದು ಖಾಲಿ ಉಂಟಲ್ಲ ಅಮ್ಮ?” ಎಂದಳು ಜಹೀರಾ.

“ಅದು ಸೊಸೆ ತಂದದ್ದು ಮಗಾ. ಆಫ್ ಮಾಡಿದ್ರೆ ಬೀಗರು ಬಂದಾಗ ಎಂತ ಅಂದ್ಕೊತಾರೆ?”

ಜಹೀರಾ ತಲೆಯಾಡಿಸಿ ‘ಬೀಗರ ಫ್ರಿಜ್ಜು, ಸದಾ ಚಾಲೂ’ ಎಂದು ಗುರುತು ಹಾಕಿಕೊಂಡಳು. ಕ್ಯಾಮೆರಾ ಹಿಡಿದರೆ ಮೇನ್ ಬೋರ್ಡಿನ ಹಿಂದೆ ಒಂದು ವೈರು ಕೆಂಡದ ಬಣ್ಣಕ್ಕಿತ್ತು. ಕಚೇರಿಗೆ ಬಂದು ಲೆಕ್ಕ ಹಾಕಿದಳು. ಒಂದು ಸ್ಟಾರ್. ಸೊನ್ನೆಗೆ ಅವಕಾಶ ಇಲ್ಲದ್ದರಿಂದ ಒಂದು.

ನಾನು ತುಂಬ ಹೊತ್ತು ನಕ್ಕೆ.

ಫೆಬ್ರವರಿ 25, ಮಂಗಳವಾರ

ಅಧ್ಯಕ್ಷರು ಕರೆಸಿದರು. ಬಾಗಿಲು ಹಾಕಿಸಿದರು.

“ನಯನಾ ಮೇಡಂ, ಮಾರ್ಚ್ ಕೊನೆಗೆ ದೆಹಲಿಯಿಂದ ಅನುದಾನದವರು ಬರ್ತಾರೆ. ನನ್ನ ಮನೆ ತೋರಿಸ್ಬೇಕು. ಅಲ್ಲಿ ಒಂದು ಸ್ಟಾರ್ ಅಂಟಿಸ್ಕೊಂಡು ನಿಂತ್ಕೊಳ್ಳಲಾ ನಾನು?”

“ಲೆಕ್ಕ ಹಾಗೆ ಬಂದಿದೆ ಸರ್.”

“ಲೆಕ್ಕ ನಾವು ಹಾಕಿದ ಹಂಗೆ ಬರ್ತದೆ ಮಾರಾಯ್ರೆ. ನಾಲ್ಕು ಮಾಡಿ. ಐದು ಬೇಡ, ನಾನು ಸಿಂಪಲ್ಲು ಮನುಷ್ಯ.” ಆಮೇಲೆ ಪೆನ್ನು ಮುಚ್ಚುತ್ತ, “ಆ ಹುಡುಗಿ ಸರ್ಟಿಫಿಕೇಟ್ ನನ್ನ ಟೇಬಲ್ಲಿಗೇ ಬರೋದಲ್ವಾ” ಎಂದರು. ಬೆದರಿಕೆಯಲ್ಲ. ಮಾಹಿತಿ.

ಒಂದು ಮನೆಗೆ ಮೂರು ಸ್ಟಾರ್ ಹೆಚ್ಚಾದರೆ ಆಕಾಶದಲ್ಲೇನೂ ಕಡಿಮೆಯಾಗುವುದಿಲ್ಲ. ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಅಂಕ ದಾನ ಕೊಟ್ಟಿದ್ದೇನೆ. ಜಹೀರಾಗೆ ಒಂದು ಮಾತು ಹೇಳಿ ತಿದ್ದಿಬಿಡುವುದು.

ಮಾರ್ಚ್ 3, ಸೋಮವಾರ

ಹೇಳಿದೆ. ಅವಳು ಸಿಟ್ಟಾಗುತ್ತಾಳೆ, ಸಮಾಧಾನ ಮಾಡಬೇಕು ಎಂದು ಮಾತು ಜೋಡಿಸಿಕೊಂಡು ಹೋಗಿದ್ದೆ.

“ನಾಲ್ಕು ಯಾಕೆ ಅಕ್ಕ, ಐದೂ ಹಾಕಿ. ಆರಿದ್ರೆ ಆರು ಹಾಕಿ. ನನಗೆ ಲಾಡ್ಜು ಬೇಕು.”

ರಂಜಾನ್ ಉಪವಾಸ ಶುರುವಾಗಿದೆ. ತುಟಿ ಒಣಗಿದ್ದರೂ ಮಾತಿಗೇನೂ ಕೊರತೆಯಿಲ್ಲ. ಇಷ್ಟು ಸುಲಭವಾಗಿ ಒಪ್ಪುತ್ತಾಳೆ ಎಂದುಕೊಂಡಿರಲಿಲ್ಲ. ಯಾಕೋ ನನಗೇ ಕಸಿವಿಸಿಯಾಯಿತು. ನಾಳೆ ತಿದ್ದುವುದು.

ಮಾರ್ಚ್ 5, ಬುಧವಾರ

ತಿದ್ದಲಿಲ್ಲ. ಕರೆಂಟು ಇರಲಿಲ್ಲ.

ಮಾರ್ಚ್ 7, ಶುಕ್ರವಾರ

ಇವತ್ತು ಕರೆಂಟಿತ್ತು, ನೆಟ್ ಇರಲಿಲ್ಲ. ಹಾಗೆಂದು ಜಹೀರಾಗೆ ಹೇಳಿದೆ. ನೆಟ್ ಇಲ್ಲದ ಆ ಕಂಪ್ಯೂಟರಿನಲ್ಲಿ ಮಧ್ಯಾಹ್ನವೆಲ್ಲ ಆನ್‌ಲೈನ್ ಪುಸ್ತಕದ ಅಂಗಡಿಗಳನ್ನು ನೋಡಿದೆ.

ಮಾರ್ಚ್ 10, ಸೋಮವಾರ

ಅವಳಿಗೆ ಗೊತ್ತಾಗಿದೆ. ಕಚೇರಿಗೆ ಬಂದು ನನ್ನ ಎದುರಿನ ಕುರ್ಚಿ ಎಳೆದುಕೊಂಡಳು.

“ಅಕ್ಕ, ನಿಜ ಹೇಳಿ. ನೆಟ್ ಉಂಟಾ ಇಲ್ವಾ?”

“ಉಂಟು.”

“ಮತ್ತೆ?”

“ಆ ಮನೆಗೆ ನಾಲ್ಕು ಹಾಕೋಕೆ ಕೈ ಬರ್ತಿಲ್ಲ ಜಹೀರಾ. ಗುಡ್ಡಮ್ಮನಿಗೆ ಐದು ಕೊಟ್ಟಿದ್ದೀವಿ, ಅವರಿಗೆ ನಾಲ್ಕು ಅಂದ್ರೆ...”

“ಗುಡ್ಡಮ್ಮ ಆ ಸ್ಟಿಕ್ಕರ್‌ನ ಅಕ್ಕಿ ಡಬ್ಬಿಗೆ ಅಂಟಿಸಿದ್ದಾರೆ, ಅವ್ರಿಗೆ ಚಿಂತೆ ಇಲ್ಲ. ನಿಮಗೆ ಯಾಕೆ?”

ನಾನು ಮೇಜಿನ ಮೇಲಿನ ಸ್ಟಿಕ್ಕರುಗಳ ಕಟ್ಟನ್ನು ಅಂಚು ಸರಿಮಾಡಿ ಇಟ್ಟೆ.

“ಜನವರಿಲಿ ನೀವೇ ಈ ಸ್ಟಾರ್ ನೋಡಿ ನಗ್ತಿದ್ರಿ. ಈಗ ದೇವ್ರ ಪಟದಂಗೆ ಹಿಡ್ಕೊಂಡಿದ್ದೀರಿ. ನಿಮ್ಮ ಸತ್ಯಕ್ಕೆ ನನ್ನ ಕೆಲಸ ಯಾಕೆ ಹೋಗ್ಬೇಕು ಅಕ್ಕ? ನಿಮ್ಮದು ಎಂತ ಹೋಗ್ತದೆ ಇದ್ರಲ್ಲಿ?”

“ನನ್ನ ಕೆಲಸಾನೂ ಹೋಗಬಹುದು.”

“ಹೋದ್ರೆ ಪುಸ್ತಕ ಓದ್ತಾ ಕೂರ್ತೀರಿ. ನಾನು ಅವ್ರನ್ನ ಮತ್ತೆ ಜಗಲಿ ಮೇಲೆ ಕೂರಿಸ್ಬೇಕು.”

ಎದ್ದು ಹೋದಳು. ಚಪ್ಪಲಿ ಸದ್ದು ಮೆಟ್ಟಿಲು ಮುಗಿಯುವವರೆಗೆ ಕೇಳಿತು.

ಅವಳು ಹೇಳಿದ್ದು ಅಕ್ಷರಶಃ ನಿಜ. ಇನ್ನೊಬ್ಬರ ಅನ್ನದ ತಟ್ಟೆಯ ಮೇಲೆ ನಿಂತು ಎತ್ತರವಾಗುವುದು ನಮ್ಮಂಥ ಓದಿದವರ ಹಳೆಯ ಅಭ್ಯಾಸ. ಸಮಾಧಾನಕ್ಕೆ ಒಂದು ಕವನ ಸಂಕಲನ ತೆಗೆದೆ. ಎರಡು ಸಾಲಿಗೆ ಮುಚ್ಚಿದೆ. ಕೈಪಿಡಿ ತೆಗೆದೆ. ನಾನೇ ಅನುವಾದ ಮಾಡಿದ್ದನ್ನು ಮೊದಲ ಸಲ ಓದಿದೆ.

ಕೊನೆಯ ಅಧ್ಯಾಯದಲ್ಲಿ ಒಂದು ನಿಯಮ ಇದೆ. ದುರಸ್ತಿ ಮಾಡಿಸಿದ ಮನೆಯನ್ನು ಮತ್ತೊಮ್ಮೆ ತಪಾಸಣೆ ಮಾಡಿ ಹೊಸ ಸ್ಟಾರ್ ಕೊಡಬಹುದು. ಇಷ್ಟು ಸರಳ. ಇಡೀ ಯೋಜನೆ ಇರುವುದೇ ಇದಕ್ಕೆ. ಯಾರಿಗೂ, ಅಧ್ಯಕ್ಷರಿಗೂ, ಎಂಜಿನಿಯರಿಗೂ, ಸಂಯೋಜಕಿಗೂ ಹೊಳೆಯದೆ ಹೋದ ಏಕೈಕ ಉಪಾಯ ಎಂದರೆ ಆ ಮನೆಯನ್ನು ರಿಪೇರಿ ಮಾಡುವುದು.

ಮಾರ್ಚ್ 12, ಬುಧವಾರ

ಅಧ್ಯಕ್ಷರ ಹತ್ತಿರ ಹೋದೆ. ಸತ್ಯ, ನ್ಯಾಯ ಎಂಬ ಶಬ್ದಗಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ.

“ಸರ್, ನಾಲ್ಕು ಸ್ಟಾರ್ ಮನೆ ತೋರಿಸಿದರೆ ಅನುದಾನದವರು ಕಾಫಿ ಕುಡಿದು ಹೋಗ್ತಾರೆ. ಅವರಿಗೆ ಬೇಕಾದದ್ದು ಪರಿವರ್ತನೆ. ಮೊದಲು ಹೀಗಿತ್ತು, ಈಗ ಹೀಗಾಯಿತು. ಎರಡು ಫೋಟೋ. ಒಂದು ಸ್ಟಾರ್ ಇದ್ದದ್ದು ನಿಮ್ಮ ಪುಣ್ಯ ಸರ್. ಮೇಲೇರೋಕೆ ಅಷ್ಟು ಜಾಗ ಇನ್ಯಾರ ಮನೆಗೂ ಇಲ್ಲ.”

ಅವರು ಕನ್ನಡಕ ತೆಗೆದರು.

“ಎರಡನೇ ಹಂತದ ಅನುದಾನಕ್ಕೆ ಅನುಕೂಲ ಆಗ್ತದಾ?”

“ಪರಿವರ್ತನೆ ಇಲ್ಲದೆ ಎರಡನೇ ಹಂತ ಯಾರಿಗೆ ಕೊಡ್ತಾರೆ ಸರ್?”

“ನಾನೂ ಹಂಗೇ ಯೋಚ್ನೆ ಮಾಡಿದ್ದೆ” ಎಂದರು. “ಶರೀಫ್‌ಗೆ ಹೇಳಿ ಮಾಡ್ಸುವ.”

“ಜಹೀರಾ ಮಾಡ್ಲಿ ಸರ್. ಮಹಿಳಾ ಗುತ್ತಿಗೆದಾರೆ, ಏಣಿ ಮೇಲೆ. ಫೋಟೋದಲ್ಲಿ ಏಣಿ ಕೆಳಗೆ ನೀವು. ಕೂಲಿ ಮಾತ್ರ ಪೂರ್ತಿ ಕೊಡ್ಬೇಕು, ಫೋಟೋದಲ್ಲಿ ಅವಳ ಮುಖ ಬಾಡಿರಬಾರದು.”

ನನ್ನ ಬಾಯಿಂದ ಬಂದ ಶಬ್ದಗಳನ್ನು ಕೇಳಿ ನನಗೇ ಭಯವಾಯಿತು. ವ್ಯಾಕರಣ ಮಾತ್ರ ಶುದ್ಧವಾಗಿತ್ತು.

ಜಹೀರಾಗೆ ಫೋನ್ ಮಾಡಿ ಹೇಳಿದೆ. “ಹೂಂ. ಅಳತೆ ಟೇಪು ತಗೊಂಡು ನೀವೂ ಬನ್ನಿ” ಎಂದು ಇಟ್ಟುಬಿಟ್ಟಳು. ಕ್ಷಮಿಸಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ.

ಮಾರ್ಚ್ 19, ಬುಧವಾರ

ಜಯಪುರದಲ್ಲಿ ಕೆಲಸ. ಗೀಸರುಗಳಿಗೆ ಟೈಮರು, ಟ್ಯಾಂಕು ತುಂಬಿದರೆ ಮೋಟಾರು ತಾನೇ ನಿಲ್ಲುವ ಸ್ವಿಚ್ಚು, ಬೋರ್ಡಿನ ಹಿಂದಿನ ಸುಟ್ಟ ವೈರು ಪೂರ್ತಿ ಹೊಸದು. ಆ ವೈರನ್ನು ಹೊರಗೆಳೆದಾಗ ಮೇಲಿನ ಪ್ಲಾಸ್ಟಿಕ್ಕು ಕರಗಿ ಗೋಡೆಗೆ ಮೆತ್ತಿತ್ತು. ನೋಡಿ ಅಧ್ಯಕ್ಷರು ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

ಗಿರಿಯಮ್ಮನವರಿಗೆ ಒಂದೇ ಚಿಂತೆ. ಕೆಲಸಕ್ಕೆ ಬಂದವಳು ಕಾಫಿ ಕುಡಿದಿಲ್ಲ.

“ಒಂದು ಲೋಟ ಕುಡಿ ಮಗಾ, ದೇವರು ಎಂತ ನೋಡ್ತಾನಾ?”

“ನೋಡ್ತಾನೆ ಅಮ್ಮ. ಇಡೀ ದಿನ ಅವನಿಗೆ ಅದೇ ಕೆಲಸ.”

“ಹಂಗಾದ್ರೆ ನಮ್ಮನೆಯಿಂದ ಬರಿಗೈಲಿ ಹೋಗ್ಬೇಡ.” ಖರ್ಜೂರ, ಹಣ್ಣು ಕಟ್ಟಿಕೊಟ್ಟರು. ಜಹೀರಾಳ ಪಾಲಿನ ಕಾಫಿಯನ್ನೂ ನಾನೇ ಕುಡಿದೆ. ಸಂಯೋಜಕಿಯ ಕರ್ತವ್ಯ.

ಕೊನೆಗೆ ಜಹೀರಾ ಬೀಗರ ಫ್ರಿಜ್ಜಿನ ಮುಂದೆ ನಿಂತಳು. “ಅಮ್ಮ, ಬೀಗರು ಬರೋ ಮೊದ್ಲು ಫೋನ್ ಮಾಡ್ತಾರಲ್ಲ?”

“ಮಾಡ್ತಾರೆ.”

“ಅವಾಗ ಆನ್ ಮಾಡಿ. ಅವ್ರು ಗೇಟು ದಾಟೋದ್ರೊಳಗೆ ತಣ್ಣಗಾಗ್ತದೆ.”

ಗಿರಿಯಮ್ಮ ಸೊಸೆಯ ಕೋಣೆಯ ಕಡೆ ಒಮ್ಮೆ ನೋಡಿ, ತಾವೇ ಪ್ಲಗ್ ಕಿತ್ತರು.

ಹೊರಗಿನ ದೀಪಗಳ ವಿಷಯಕ್ಕೆ ಮಾತ್ರ ಅಧ್ಯಕ್ಷರು ಜಗ್ಗಲಿಲ್ಲ. “ಅದು ಇರ್ಲಿ. ಬಸ್ಸಿಂದ ನೋಡಿದೋರಿಗೆ ಮನೆ ಯಾರದು ಅಂತ ಗೊತ್ತಾಗ್ಬೇಕು.”

ಹಗಲಿನ ಬಸ್ಸಿನಿಂದಲೂ ಗೊತ್ತಾಗಬೇಕಂತೆ. ನಾನು ಸ್ಕ್ರೂಡ್ರೈವರುಗಳನ್ನು ಗಾತ್ರದ ಪ್ರಕಾರ ಜೋಡಿಸಿಟ್ಟೆ. ಬೇರೆ ಕೆಲಸ ಇರಲಿಲ್ಲ.

ಮಾರ್ಚ್ 27, ಗುರುವಾರ

ದೆಹಲಿಯ ಮೌಲ್ಯಮಾಪಕಿ ಬಂದರು. ಹತ್ತಿಯ ಸೀರೆ, ಬೆಳ್ಳಿ ಬಳೆ, ಪ್ರತಿ ಸ್ವಿಚ್ಚಿಗೂ ‘ಅದ್ಭುತ’. ಅವರ ಎದುರಿಗೇ ಮರುತಪಾಸಣೆ. ಶಶಿಕಿರಣ್ ಕನ್ನಡದ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಜಹೀರಾ ಲೆಕ್ಕ ಮುಗಿಸಿ ಪೆನ್ಸಿಲ್ ಕಿವಿಗೆ ಸಿಕ್ಕಿಸಿದಳು.

“ಎಷ್ಟಮ್ಮ?” ಅಧ್ಯಕ್ಷರ ನಗು ಆಗಲೇ ತಯಾರಿತ್ತು. “ನಾಲ್ಕಲ್ವಾ?”

“ಮೂರು ಸಾರ್.”

ನಾನು ಅವಳ ಪಾದವನ್ನು ಮೆಲ್ಲಗೆ ತುಳಿದೆ. ಒಂದು ಸ್ಟಾರಿಗಾಗಿ ಎಲ್ಲ ಹಾಳಾಗಬಾರದು, ಕೊಟ್ಟುಬಿಡು ಮಾರಾಯ್ತಿ ಎಂದು ಕಣ್ಣಲ್ಲೇ ಹೇಳಿದೆ. ಅವಳು ಪಾದ ಪಕ್ಕಕ್ಕೆ ತೆಗೆದುಕೊಂಡಳು.

“ಸರಿಯಾಗಿ ನೋಡಿದ್ಯಾ?”

“ನೋಡಿದೆ ಸಾರ್. ಹೊರಗಿನ ದೀಪ ಹಗಲು ಆರಿಸಿದ್ರೆ ನಾಲ್ಕು. ಈಗ ಆರಿಸ್ತೀರಾ? ಬರ್ಕೊಳ್ತೀನಿ.”

ಮೌಲ್ಯಮಾಪಕಿ ಏನೆಂದು ಕೇಳಿದರು. ಶಶಿಕಿರಣ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು, ಆ ಒಳ್ಳೆಯ ಹುಡುಗ, ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟ. ಆಕೆ ಜೋರಾಗಿ ನಕ್ಕು ಜಹೀರಾಳ ಕೈ ಕುಲುಕಿ, ಅಧ್ಯಕ್ಷರ ಮನೆಗೂ ರಿಯಾಯಿತಿ ಕೊಡದ ಗುತ್ತಿಗೆದಾರೆಯನ್ನು ತಯಾರು ಮಾಡಿದ್ದಕ್ಕೆ ಅಧ್ಯಕ್ಷರನ್ನೇ ಅಭಿನಂದಿಸಿದರು. ಅಧ್ಯಕ್ಷರು ಅಭಿನಂದನೆ ಸ್ವೀಕರಿಸಿದರು. ಯಾವುದನ್ನೂ ವಾಪಸು ಕಳಿಸಿ ಅವರಿಗೆ ಅಭ್ಯಾಸವಿಲ್ಲ.

ಮರಳುವಾಗ ಬಸ್ಸಿನಲ್ಲಿ ಕೇಳಿದೆ, “ಅವತ್ತು ಆರು ಬೇಕಾದ್ರೂ ಹಾಕಿ ಅಂದವಳು ನೀನೇ ಅಲ್ವಾ?”

“ಅವತ್ತು ಅದು ಅವ್ರ ಮನೆ ಅಕ್ಕ. ಈಗ ಅಲ್ಲಿರೋದು ನನ್ನ ಕೆಲಸ.”

ಮಾರ್ಚ್ 29, ಶನಿವಾರ

ಸರ್ಟಿಫಿಕೇಟ್ ಕೊಟ್ಟರು. ಅಧ್ಯಕ್ಷರು ಸಹಿ ಹಾಕಲೇಬೇಕಾಯಿತು, ಆ ಕೈ ಕುಲುಕಿದ ಫೋಟೋ ದೆಹಲಿಗೆ ಹೋಗಿತ್ತು. ಜಹೀರಾ ತನ್ನ ಹೆಸರನ್ನು ಮೂರು ಸಲ ಓದಿ, ಅನ್ವರನ ಕೈಗೆ ಕೊಟ್ಟಳು. ಅವನು ಸಭೆಯ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ. ಓದಿ, “ಇನ್ನು ಜಗಲಿಲಿ ಕೂರೋ ಡ್ಯೂಟಿ ಇಲ್ವಾ ನನಗೆ?” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಬೆನ್ನುನೋವು ಎಂದುಕೊಂಡೆ.

ನನಗೂ ಒಂದು ಕಾಗದ ಸಿಕ್ಕಿತು. ಎರಡನೇ ಹಂತಕ್ಕೆ ‘ಹೆಚ್ಚು ಹೊಂದಿಕೊಳ್ಳುವ ಸ್ವಭಾವದ’ ಸಂಯೋಜಕರನ್ನು ಹುಡುಕುತ್ತಾರಂತೆ. ನನ್ನ ಸೇವೆಯನ್ನು ಸ್ಮರಿಸುತ್ತಾರಂತೆ. ಕಾಗದದ ಅಕ್ಷರ ಚೆನ್ನಾಗಿರಲಿಲ್ಲ.

ಏಪ್ರಿಲ್ 8, ಮಂಗಳವಾರ

ರಂಜಾನ್ ಹಬ್ಬದ ಮರುದಿನವೇ ಜಹೀರಾ ಮನೆಗೆ ಬಂದಿದ್ದಳು, ಶೀರ್ ಖುರ್ಮಾ ಪಾಯಸದ ಡಬ್ಬಿ ಹಿಡಿದು. ಲಾಡ್ಜಿನವರು ಕಾಗದ ನೋಡಿ, ಅಡಿಮೇಲು ಮಾಡಿ ನೋಡಿ, “ಯಜಮಾನ್ರು ಬರಲ್ವಾ?” ಎಂದರಂತೆ. “ಅವ್ರು ರೆಸ್ಟಲ್ಲಿದ್ದಾರೆ, ಯಜಮಾನಿ ಬಂದಿದ್ದೀನಿ” ಎಂದಳಂತೆ. ಕೆಲಸ ಸಿಕ್ಕಿದೆ. ಆದರೆ ಎಲ್ಲದಕ್ಕೂ ಕೊಟೇಶನ್ ಬರೆದುಕೊಡಬೇಕು, ಸಾಮಾನಿನ ಲೆಕ್ಕ ಇಡಬೇಕು.

“ನಿಮಗೆ ಈಗ ಕೆಲಸ ಇಲ್ವಲ್ಲ ಅಕ್ಕ. ಕೂಲಿ ಕೊಡ್ತೀನಿ, ಪುಕ್ಕಟೆ ಅಲ್ಲ.”

ಎಂ.ಎ. ಪದವಿಗೆ ಕೊನೆಗೂ ಸಿಕ್ಕ ಮನ್ನಣೆ. ಒಂದು ದಿನ ಯೋಚಿಸಿ ಹೇಳುತ್ತೇನೆ ಎಂದು ಗತ್ತು ತೋರಿಸಿ, ಅವಳು ಮೆಟ್ಟಿಲಿಳಿಯುವಷ್ಟರಲ್ಲಿ ಕರೆದು ಹೂಂ ಎಂದೆ.

ಇವತ್ತು ಶೃಂಗೇರಿಯಲ್ಲಿ ಮೊದಲ ದಿನ. ಮೇನ್ ಆಫ್ ಮಾಡಿದ್ದರಿಂದ ಒಳಗಿನ ಓಣಿಯಲ್ಲಿ ಹಗಲೇ ಕತ್ತಲೆ. ಅವಳು ಏಣಿಯ ಮೇಲೆ ಬೋರ್ಡು ಬಿಚ್ಚುತ್ತಿದ್ದಳು, ನಾನು ಕೆಳಗೆ ಟಾರ್ಚು ಹಿಡಿದಿದ್ದೆ. ಈ ಲಾಡ್ಜಿಗೆ ಎಷ್ಟು ಸ್ಟಾರ್ ಬರಬಹುದು, ಭಕ್ತರ ಬಿಸಿನೀರಿಗೂ ಮೋಕ್ಷಕ್ಕೂ ಏನು ಸಂಬಂಧ, ಅನುದಾನದವರು ಇದನ್ನೆಲ್ಲ ಹೇಗೆ ಬರೆಯುತ್ತಿದ್ದರು ಎಂದು ಏನೇನೋ ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ.

“ಅಕ್ಕ.”

“ಏನು?”

“ಮಾತು ಆಮೇಲೆ. ಬೆಳಕು ಈ ಕಡೆ.”

ಹಿಡಿದೆ.